ದಂಡೆಯ ಮೇಲೊಂದು ಕಣ್ಣು

ಕೇಳುಗರಿಗೆಲ್ಲ ನಮಸ್ಕಾರ.

ಮಾರ್ಚ್ ನಡುವಿಗೆ ಬಿಸಿಲು ಏರಿತೆಂದರೆ ಹಡಪ್ಸರದಿಂದ ವಾಕಡದವರೆಗೆ ಪುಣೆಯ ವಸತಿ ಸೊಸೈಟಿಗಳ ಈಜುಕೊಳಗಳಿಗೆ ಜೀವ ಬರುತ್ತದೆ. ಪರೀಕ್ಷೆ ಮುಗಿಸಿದ ಮಕ್ಕಳು, ರಜೆಗೆಂದು ವಿಜಯಪುರ, ಬಾಗಲಕೋಟೆ, ಕಲಬುರಗಿಯಿಂದ ಬಂದ ಅಕ್ಕತಂಗಿಯರ ಮಕ್ಕಳು, ಎಲ್ಲರೂ ನೀರಿಗಿಳಿಯುವವರೇ. ಅಷ್ಟರಲ್ಲಿ ಕಮಿಟಿಯವರು ಒಡೆದ ಟೈಲ್ಸ್ ಬದಲಿಸಿರುತ್ತಾರೆ, ಪಂಪು ರಿಪೇರಿ ಮಾಡಿಸಿರುತ್ತಾರೆ, ಹೊಸ ಕುರ್ಚಿ ತರಿಸಿರುತ್ತಾರೆ. ಈಜುವವರನ್ನು ದಂಡೆಯಿಂದ ಕಾಯುವ ಲೈಫ್‌ಗಾರ್ಡ್ ಮಾತ್ರ ಕೊನೆಯ ವಾರದಲ್ಲಿ ನೆನಪಾಗುತ್ತಾನೆ. ಇಂಥ ಕೊಳಗಳ ಉಸ್ತುವಾರಿಯೇ ವೃತ್ತಿಯಾಗಿರುವ ನನಗೆ ಇದು ಪ್ರತಿ ಬೇಸಿಗೆಯ ಸಂಕಟ.

ಹಾಗೆ ಅವಸರದಲ್ಲಿ ಸಿಕ್ಕವನ ಕೈಗೆ ಎಲ್ಲ ಕೆಲಸವೂ ಬೀಳುತ್ತದೆ. ಎಲೆ ತೆಗೆಯುವುದು, ಪಾಸು ನೋಡುವುದು, ಫಿಲ್ಟರ್ ತೊಳೆಯುವುದು, ಸಂಜೆ ಮಕ್ಕಳಿಗೆ ಈಜು ಹೇಳಿಕೊಡುವುದು. ಹೇಳಿಕೊಡುವವನ ಕಣ್ಣು ಅವನ ಕೈಯಲ್ಲಿರುವ ಮಗುವಿನ ಮೇಲಿರಬೇಕು, ಅದು ಸರಿಯೇ. ಆದರೆ ಆಗ ಉಳಿದ ಮೂವತ್ತು ಮಕ್ಕಳನ್ನು ನೋಡುವವರು ಯಾರು?

ಮುಳುಗುವವರು ಕೂಗುತ್ತಾರೆ, ಕೈ ಬೀಸಿ ಕರೆಯುತ್ತಾರೆ ಎಂದೇ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಉಸಿರಿಗೇ ದಾರಿಯಿಲ್ಲದವನಿಗೆ ಕೂಗಲು ಉಸಿರೆಲ್ಲಿಯದು? ದೇಹ ನೆಟ್ಟಗೆ ನಿಂತಂತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಒಂದು ನಿಮಿಷದೊಳಗೆ ಮಗು ತಳ ಸೇರಬಹುದು. ಮಿದುಳಿಗೆ ಆಮ್ಲಜನಕ ನಿಂತು 4ರಿಂದ 6 ನಿಮಿಷವಾದರೆ ತುಂಬಿಬಾರದ ಹಾನಿ ಶುರುವಾಗುತ್ತದೆ. ಅದೇ ದಂಡೆಯ ಮೇಲೆ ತಾಯಿ ಫೋನಿನಲ್ಲಿ ಮಾತಾಡುತ್ತಿರುತ್ತಾಳೆ, ತಂದೆ ಪಕ್ಕದವರೊಡನೆ ಹರಟುತ್ತಿರುತ್ತಾನೆ. ಯಾರಿಗೂ ಏನೂ ಕೇಳಿಸಿರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಕಾಯುವವನಿಗೆ ಕಾಯುವುದೊಂದೇ ಕೆಲಸವಿರಲಿ.

ಕಮಿಟಿಯವರು ಲೆಕ್ಕ ಕೇಳುತ್ತಾರೆ, ಕೇಳಲೇಬೇಕು. ಕೊಳ ಬೆಳಗ್ಗೆ 6ರಿಂದ 10, ಸಂಜೆ 4ರಿಂದ 9 ತೆರೆದಿದೆ ಎನ್ನಿ. ದಿನಕ್ಕೆ 9 ಗಂಟೆ, ವಾರಕ್ಕೆ 63. ಬಿಸಿಲಲ್ಲಿ ಕೂತು ಒಂದೇ ನೀರನ್ನು ನೋಡುವ ಕಣ್ಣು ಅರ್ಧ ಗಂಟೆಗೆ ಮಂಕಾಗುತ್ತದೆ, ಆದ್ದರಿಂದ ಸರದಿ ಬದಲಿಸಲು ಇಬ್ಬರಿರಬೇಕು. ಅಲ್ಲಿಗೆ 126 ಗಂಟೆ. ಒಬ್ಬನನ್ನು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದು. ಹಾಗಾದರೆ ಮೂವರು ಬೇಕು, ಜ್ವರ, ರಜೆ ಎಂದು ಹಿಡಿದರೆ ನಾಲ್ವರು. ದುಬಾರಿ ಎನಿಸಿದರೆ ಕೊಳ ತೆರೆಯುವ ಹೊತ್ತನ್ನೇ ಕಡಿಮೆ ಮಾಡಿ. ಕಾವಲಿಲ್ಲದ ಒಂಬತ್ತು ಗಂಟೆಗಿಂತ ಕಾವಲಿರುವ ಐದು ಗಂಟೆ ಲೇಸು.

ಹುಡುಕುವುದನ್ನು ಜನವರಿಯಲ್ಲೇ ಶುರುಮಾಡಬೇಕು. ಕಾಲೇಜಿನ ಈಜುಗಾರರು ಒಳ್ಳೆಯ ಆಯ್ಕೆ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅವರಿಗೂ ಪರೀಕ್ಷೆ. ನಮ್ಮ ಕಡೆಯ ಹುಡುಗರೂ ಇದ್ದಾರೆ. ಕೃಷ್ಣೆ, ಭೀಮೆಯಲ್ಲಿ ಈಜಿ ಬೆಳೆದವರು, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರಿ ಕಲಿತವರು. ಅವರ ಎದೆಗಾರಿಕೆಯ ಬಗ್ಗೆ ನನಗೆ ತುಂಬು ಗೌರವ. ಆದರೂ ಈಜು ಬೇರೆ, ರಕ್ಷಣೆ ಬೇರೆ. ಗಾಬರಿಯಲ್ಲಿ ತಬ್ಬಿಕೊಂಡವನು ಗಟ್ಟಿ ಈಜುಗಾರನನ್ನೂ ಒಳಗೆಳೆಯುತ್ತಾನೆ. ಮೊದಲು ಕೋಲು ಚಾಚಬೇಕು, ಇಲ್ಲವೆ ಹಗ್ಗ ಕಟ್ಟಿದ ರಿಂಗ್ ಎಸೆಯಬೇಕು. ನೀರಿಗಿಳಿಯುವುದು ಕೊನೆಯ ದಾರಿ. ಮೇಲೆ ತಂದ ಮೇಲೆ ಉಸಿರಿಲ್ಲದಿದ್ದರೆ ಎದೆ ಒತ್ತಿದರಷ್ಟೇ ಸಾಲದು, ಬಾಯಿಯಿಂದ ಉಸಿರೂ ಕೊಡಬೇಕು. ಹೊಟ್ಟೆ ಅದುಮಿ ನೀರು ಕಕ್ಕಿಸಲು ಹೋಗಬಾರದು. ಇದನ್ನು ಕಲಿಸುವ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ನಮ್ಮ ಪುಣೆಯಲ್ಲೇ ಇದೆ.

ನೀರಿನ ಬಗ್ಗೆ ಎರಡೇ ಮಾತು. ಮೇ ತಿಂಗಳ ಬಿಸಿಲು ಕ್ಲೋರಿನ್ ಅನ್ನು ಬೇಗ ನಾಶಮಾಡುತ್ತದೆ, ಹಾಗಾಗಿ ಬೆಳಗಿನ ಒಂದು ಪರೀಕ್ಷೆ ಸಾಲದು. ಲೀಟರಿಗೆ 1ರಿಂದ 3 ಮಿಲಿಗ್ರಾಂ ಉಳಿದಿದೆಯೇ ಎಂದು ಮಧ್ಯಾಹ್ನ, ಸಂಜೆಯೂ ನೋಡಿ. ಕಣ್ಣುರಿ, ಘಾಟು ವಾಸನೆ ಬಂದರೆ ಹೆಚ್ಚಾಗಿ ಅದು ಬೆವರು, ಮೂತ್ರದೊಡನೆ ಬೆರೆತ ಕ್ಲೋರಿನ್ನಿನದು, ಆದ್ದರಿಂದ ಮೈ ತೊಳೆಯದೆ ಯಾರನ್ನೂ ಬಿಡಬೇಡಿ. ಆಳದ ಕಡೆಯ ತಳದ ಜಾಲರಿ ದಂಡೆಯಿಂದ ಕಾಣದಿದ್ದರೆ ಅಂದು ಕೊಳಕ್ಕೆ ಬೀಗ.

ಆ ಬೀಗ ಹಾಕುವ ಅಧಿಕಾರವನ್ನು ಲೈಫ್‌ಗಾರ್ಡಿಗೆ ಬರಹದಲ್ಲಿ ಕೊಡಿ. ಮೇ ಕೊನೆಯಲ್ಲಿ ಸಂಜೆಗೆ ಮೋಡ ಕಟ್ಟಿ ಗುಡುಗಿತೆಂದರೆ ಎಲ್ಲರನ್ನೂ ಮೇಲೆ ಕರೆಯುವುದು, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಯಾರನ್ನೂ ಇಳಿಯಗೊಡದಿರುವುದು ಅವನ ಮಾತಿಗೆ ಬಿಟ್ಟದ್ದು. ಚೇರ್ಮನ್ನರ ಮನೆಯ ಮಕ್ಕಳಿಗೂ ಈ ನಿಯಮವೇ ಎಂದು ಅದೇ ಕಾಗದದಲ್ಲಿ ಬರೆದು, ಸಹಿ ಮಾಡಿ, ಕೊಳದ ಗೇಟಿಗೆ ಅಂಟಿಸಿ. ನಮಸ್ಕಾರ.