ಒಂದು ಆಶ್‌ಟ್ರೇಗೆ ಬೆಂಗಳೂರಿನ ಆನೆಮರಿ

ನಮಸ್ಕಾರ ಎಲ್ಲರಿಗೂ. ಇವತ್ತಿನ ವಿಷಯವನ್ನು ಎಳೆಯದೆ ಮೊದಲೇ ಹೇಳಿಬಿಡುತ್ತೇನೆ. 1967ರಲ್ಲಿ ಏರ್ ಇಂಡಿಯಾದವರು ಸ್ಪೇನಿನ ಒಬ್ಬ ಕಲಾವಿದನ ಕೈಯಲ್ಲಿ ಆಶ್‌ಟ್ರೇ ಮಾಡಿಸಿದರು. ಹೌದು, ಸಿಗರೇಟಿನ ಬೂದಿ ಕೊಡವುವ ಆಶ್‌ಟ್ರೇ. ಎಷ್ಟು ಕೊಡಬೇಕು ಸ್ವಾಮಿ ಅಂತ ಕೇಳಿದರೆ, ದುಡ್ಡು ಬೇಡ, ಒಂದು ಆನೆಮರಿ ಕೊಡಿ ಅಂದನಂತೆ. ಕೊಟ್ಟೇಬಿಟ್ಟರು! ಆ ಮರಿ ಹೋಗಿದ್ದು ನಮ್ಮ ಬೆಂಗಳೂರಿನಿಂದ.

ಆ ಕಲಾವಿದ ಸಾಲ್ವಡಾರ್ ಡಾಲಿ. ಕರಗಿ ಜೋತುಬಿದ್ದ ಗಡಿಯಾರಗಳ ಚಿತ್ರ ನೋಡಿರುತ್ತೀರಿ, ಅದನ್ನು ಬರೆದವನು. ಚುಪಾ ಚುಪ್ಸ್ ಲಾಲಿಪಾಪ್ ಮೇಲಿನ ಹೂವಿನಂಥ ಲೋಗೊ ಕೂಡ ಅವನದೇ, 1969ರದ್ದು. ಅದೇ ವರ್ಷ ಪ್ಯಾರಿಸಿನಲ್ಲಿ ನಾಯಿ ಬದಲು ಇರುವೆಬಾಕನಿಗೆ ಹಗ್ಗ ಕಟ್ಟಿ ವಾಕಿಂಗ್ ಕರೆದುಕೊಂಡು ಹೋಗಿದ್ದ. ಫೋಟೊ ಇದೆ, ಸ್ಕ್ರೀನ್ ಮೇಲೆ ಹಾಕಿದ್ದೇನೆ ನೋಡಿ. ಇಂಥವನು ಆನೆ ಕೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಏನಂದರೆ, ಒಂದು ಸರ್ಕಾರಿ ಕಂಪನಿ ಅದಕ್ಕೆ ಒಪ್ಪಿಕೊಂಡಿದ್ದು.

ಈಗ ನಾನು ನಿಂತಿರುವುದು ಮುಂಬಯಿಯ ನರಿಮನ್ ಪಾಯಿಂಟ್. ಹಿಂದೆ ಕಾಣುತ್ತಿದೆಯಲ್ಲ, ಬೆಳ್ಳಗೆ, 23 ಮಹಡಿ, ಅದೇ ಏರ್ ಇಂಡಿಯಾ ಕಟ್ಟಡ. 1974ರಲ್ಲಿ ಮುಗಿಯಿತು, ಅಮೆರಿಕದ ಜಾನ್ ಬರ್ಗಿ ಅನ್ನುವವರ ವಿನ್ಯಾಸ. ಈಗ ಮಹಾರಾಷ್ಟ್ರ ಸರ್ಕಾರ 1,601 ಕೋಟಿಗೆ ಕೊಂಡುಕೊಂಡಿದೆ. ಕಟ್ಟಡದ ಬಗ್ಗೆ ಇಷ್ಟು ಸಾಕು. ನನಗೆ ಬೇಕಾಗಿರುವುದು ಆ ಕಂಪನಿ ಜನರಿಗೆ ಹಂಚಿದ ಚಿಲ್ಲರೆ ಸಾಮಾನು. ಪೋಸ್ಟರು, ಇಸ್ಪೀಟು, ಮೆನು ಕಾರ್ಡು, ಆಶ್‌ಟ್ರೇ. ಅದಕ್ಕೆ ಚೋರ್ ಬಜಾರಿಗೇ ಹೋಗಬೇಕು.

ಬನ್ನಿ, ಮಟನ್ ಸ್ಟ್ರೀಟ್. ಹೆಸರು ಕೇಳಿ ಹೆದರಬೇಡಿ, ಇಲ್ಲಿ ಮಾಂಸಕ್ಕಿಂತ ಹಳೇ ಸಾಮಾನೇ ಜಾಸ್ತಿ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಬರಬಹುದು. ಸೆಂಟ್ರಲ್ ಲೈನಿನವರಿಗೆ ಸ್ಯಾಂಡ್‌ಹರ್ಸ್ಟ್ ರೋಡ್ ಹತ್ತಿರ, ಆದರೆ ಸ್ಲೋ ಗಾಡಿ ಹಿಡೀಬೇಕು. ಶುಕ್ರವಾರ ಈ ಅಂಗಡಿಗಳು ಮುಚ್ಚಿರುತ್ತವೆ, ಅವತ್ತು ಬೀದಿ ತುಂಬ ಬಟ್ಟೆ ಹಾಸಿ ಮಾರುವ ಜುಮ್ಮಾ ಬಜಾರು. ನನಗೆ ಅದೇ ಇಷ್ಟ. ಆದರೆ ಕಾಗದದ ಸಾಮಾನು ಬೇಕಿದ್ದರೆ ಬೇರೆ ದಿನ ಬಂದು ಅಂಗಡಿಯಲ್ಲೇ ಕೇಳಿ.

ಇಲ್ಲಿ ನೋಡಿ. ಆಗ್ಫಾ ಕ್ಲಿಕ್ ಕ್ಯಾಮೆರಾ, ವ್ಯೂ-ಮಾಸ್ಟರ್, ನಂಬರ್ ತಿರುಗಿಸುವ ಕಪ್ಪು ಫೋನು. ಹಡಗಿನ ಲೈಟು, ಪೋರ್ಟ್‌ಹೋಲು. ಆ ಕಡೆ ಸಾಲಾಗಿ ಗ್ರಾಮಾಫೋನು. ಒಂದು ಮಾತು ಕೇಳಿ, ಹಿತ್ತಾಳೆ ಕಹಳೆ ಫಳಫಳ ಹೊಳೀತಿದ್ದರೆ ಅದು ನಿಮ್ಮ ತಾತನ ಕಾಲದ್ದಲ್ಲ, ಹೋದ ವರ್ಷದ್ದು. ಹಳೇ ಪೆಟ್ಟಿಗೆಗೆ ಹೊಸ ಕಹಳೆ ಕೂರಿಸಿ ಮಾರುವುದು ಇಲ್ಲಿ ಮಾಮೂಲು. ಮನೆಯಲ್ಲಿ ಅಂದಕ್ಕೆ ಇಡುವುದಾದರೆ ತೊಂದರೆ ಇಲ್ಲ, ಆ್ಯಂಟಿಕ್ ಅಂತ ದುಡ್ಡು ಸುರೀಬೇಡಿ ಅಷ್ಟೆ.

ಏರ್ ಇಂಡಿಯಾದ ಗುರುತಾದ ಮಹಾರಾಜ ಸಿಕ್ಕಿದ! ಗೇಣುದ್ದದ ಗೊಂಬೆ. ಪಟ್ಟೆ ಪಟ್ಟೆ ಮುಂಡಾಸು, ಕೆಂಪು ಅಂಗಿ, ಚೂಪು ಮೂಗು, ಎರಡೂ ಕಡೆ ಸುರುಳಿ ಸುತ್ತಿದ ಮೀಸೆ. ಒಂದು ಕೈ ಎದೆ ಮೇಲೆ, ಸೊಂಟ ಬಗ್ಗಿಸಿ ನಮಸ್ಕಾರ. ಕಣ್ಣು ಮುಚ್ಚಿದೆ ನೋಡಿ, ನಾಟಕದ ವಿನಯ. ಮೀಸೆಯ ಒಂದು ತುದಿ ಮುರಿದಿದೆ. ಅಂಗಡಿಯ ಚಾಚಾ ಇದಕ್ಕೆ ಎರಡು ಸಾವಿರ ಹೇಳುತ್ತಿದ್ದಾರೆ. ಮೀಸೆ ಮುರಿದಿದೆಯಲ್ಲ ಅಂದರೆ, ಅದು ಮುರಿದಿದ್ದಕ್ಕೇ ಎರಡು ಸಾವಿರ, ಇಲ್ಲದಿದ್ದರೆ ಐದು ಅನ್ನುತ್ತಾರೆ. ಇವರ ಹತ್ತಿರ ವಾದ ಮಾಡಿ ಗೆದ್ದವರುಂಟಾ?

ಈ ಮಹಾರಾಜ ಹುಟ್ಟಿದ್ದು ಇದೇ ಊರಲ್ಲಿ, 1946ರಲ್ಲಿ. ಏರ್ ಇಂಡಿಯಾದ ಬಾಬಿ ಕೂಕಾ ಅವರ ಕಲ್ಪನೆ, ಜೆ. ವಾಲ್ಟರ್ ಥಾಂಪ್ಸನ್ ಜಾಹೀರಾತು ಕಂಪನಿಯ ಕಲಾವಿದ ಉಮೇಶ್ ರಾವ್ ಅವರ ಕೈಚಳಕ. ಮೊದಲು ಒಂದು ಮೆಮೊ ಪ್ಯಾಡಿಗೆ ಅಂತ ಬರೆದಿದ್ದು. ಆಮೇಲೆ ಪೋಸ್ಟರಿಗೆ ಹಾರಿದ. ಊರಿಗೊಂದು ವೇಷ ಹಾಕಿ ಲೋಕವೆಲ್ಲ ಸುತ್ತಿದ. ಕೆಂಪ್ಸ್ ಕಾರ್ನರಿನ ಹೋರ್ಡಿಂಗಿನಲ್ಲಿ ಕೀಟಲೆ ಮಾಡಿಕೊಂಡು ನಿಂತ. ಸರ್ಕಾರಿ ಕಂಪನಿಯೊಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದು ಈಗ ಊಹೆ ಮಾಡಲಿಕ್ಕೂ ಆಗಲ್ಲ ಅಲ್ವಾ? 1971ರಲ್ಲಿ ಮೊದಲ ಜಂಬೊ ಜೆಟ್ ಬಂತು, ಎಂಪರರ್ ಅಶೋಕ ಅಂತ ಹೆಸರು. ಅದರ ಕಿಟಕಿ ಕಿಟಕಿಗೂ ಹೊರಗಡೆಯಿಂದ ರಾಜಸ್ಥಾನದ ಅರಮನೆಯ ಹಾಗೆ ಝರೋಕಾ ಚಿತ್ರ ಬರೆಸಿದರು. ಇವರಿಗೆ ಅಂಥ ಹುಚ್ಚಿತ್ತು. ಡಾಲಿಯಂಥವನು ಸಿಕ್ಕರೆ ಬಿಡುತ್ತಾರಾ?

ಸರಿ, ಆಶ್‌ಟ್ರೇಗೆ ಬರೋಣ. ಅಸಲಿ ಪೀಸು ಚೋರ್ ಬಜಾರಿನಲ್ಲಿ ಸಿಗುವ ಮಾತೇ ಇಲ್ಲ. ಮಾಡಿದ್ದೇ ಕೆಲವು ನೂರು. ಫಸ್ಟ್ ಕ್ಲಾಸ್ ಪ್ರಯಾಣಿಕರಿಗೆ ಕೊಡುವ ಕಾಣಿಕೆ ಅದು. ಈಗ ಯಾರಾದರೂ ಹರಾಜಿಗಿಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಫೋಟೊದಲ್ಲೇ ತೋರಿಸುತ್ತೇನೆ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲಿಸುತ್ತೇನೆ, ಚೆನ್ನಾಗಿ ನೋಡಿ.

ಬಿಳಿ ಪಿಂಗಾಣಿ. ನಡುವೆ ಕಪ್ಪೆಚಿಪ್ಪಿನ ಆಕಾರದ ಬಟ್ಟಲು, ಬೂದಿ ಬೀಳುವುದು ಅದರಲ್ಲಿ. ಅಂಚಿನ ಸುತ್ತ ಒಂದು ಹಾವು. ಕೆಳಗೆ ಮೂರು ಕಾಲು. ತಮಾಷೆ ಇರುವುದು ಈ ಕಾಲಿನಲ್ಲಿ. ಎರಡು ಕಾಲು ಆನೆಯ ತಲೆ, ಒಂದು ಹಂಸ. ಈಗ ನಿಮ್ಮ ಫೋನಿನಲ್ಲಿ ಆಟೊ ರೊಟೇಟ್ ಆಫ್ ಮಾಡಿ, ಫೋನು ತಲೆಕೆಳಗು ಮಾಡಿ. ಮಾಡಿದಿರಾ? ಆನೆ ಇದ್ದದ್ದು ಹಂಸ ಆಯಿತು, ಹಂಸ ಇದ್ದದ್ದು ಆನೆ ಆಯಿತು. ಸೊಂಡಿಲು ಅಂದುಕೊಂಡಿದ್ದು ಹಂಸದ ಕತ್ತು. ಕಿವಿ ಅಂದುಕೊಂಡಿದ್ದು ರೆಕ್ಕೆ. ಒಂದೇ ಅಚ್ಚು, ನಿಲ್ಲಿಸುವ ರೀತಿ ಬೇರೆ.

ಇದು ಡಾಲಿಗೆ ಹೊಸ ಆಟ ಅಲ್ಲ. 1937ರಲ್ಲೇ ಒಂದು ಚಿತ್ರ ಬರೆದಿದ್ದ. ಕೆರೆ ದಡದಲ್ಲಿ ಮೂರು ಹಂಸ, ಅವುಗಳ ಹಿಂದೆ ಬೋಳು ಮರ. ನೀರಿನಲ್ಲಿ ಬಿದ್ದ ನೆರಳು ನೋಡಿದರೆ ಮೂರು ಆನೆ. ಹಂಸದ ಕತ್ತು ಸೊಂಡಿಲಾಗಿ, ಮರದ ಬೊಡ್ಡೆ ಆನೆ ಕಾಲಾಗಿ ಕಾಣುತ್ತದೆ. ಆ ಚಿತ್ರದಲ್ಲಿ ನೀರು ಮಾಡಿದ ಕೆಲಸವನ್ನು ಆಶ್‌ಟ್ರೇಯಲ್ಲಿ ನಮ್ಮ ಕೈ ಮಾಡಬೇಕು. ನನಗಂತೂ ಆಶ್‌ಟ್ರೇನೇ ಹೆಚ್ಚು ಇಷ್ಟವಾಯಿತು. ಚಿತ್ರವನ್ನು ಗೋಡೆಯಿಂದ ಇಳಿಸಿ ತಿರುಗಿಸಲಿಕ್ಕೆ ಯಾರೂ ಬಿಡಲ್ಲ. ಇದನ್ನು ಬೂದಿ ಚೆಲ್ಲುವಾಗ ಹೇಗೂ ತಿರುಗಿಸಲೇಬೇಕು!

ಈಗ ಆನೆ ಕಥೆ. ಡಾಲಿಗೆ ಯಾಕೆ ಬೇಕಿತ್ತು ಅಂದರೆ, ತನ್ನ ಆಲಿವ್ ತೋಟದಲ್ಲಿ ಬಿಡುತ್ತೇನೆ, ಬೆಳದಿಂಗಳಲ್ಲಿ ಕೊಂಬೆಗಳ ನೆರಳು ಅದರ ಬೆನ್ನ ಮೇಲೆ ಹೇಗೆ ಬೀಳುತ್ತದೆ ನೋಡಬೇಕು ಅಂದನಂತೆ. ಏರ್ ಇಂಡಿಯಾದವರು ಬೆಂಗಳೂರಿನಲ್ಲಿ ಹುಡುಕಿ ಒಂದು ಮರಿ ಹಿಡಿದುತಂದರು. ಎರಡು ವರ್ಷದ್ದು. ಜೊತೆಗೆ ಒಬ್ಬ ಮಾವುತ. ಬೆಂಗಳೂರಿನಿಂದ ಜಿನೀವಾಕ್ಕೆ ವಿಮಾನ, ಅಲ್ಲಿಂದ ಸ್ಪೇನಿನ ಕಡಕೆಸ್ ಊರಿಗೆ ಲಾರಿ. ಡಾಲಿ ಮನೆ ಇದ್ದದ್ದು ಅಲ್ಲೇ ಪಕ್ಕದಲ್ಲಿ, ಪೋರ್ಟ್ ಲಿಗಾಟ್ ಅನ್ನುವ ಮೀನುಗಾರರ ಹಳ್ಳಿಯಲ್ಲಿ. ಆನೆ ಬಂದ ಸಂಭ್ರಮಕ್ಕೆ ಕಡಕೆಸ್ ಮೇಯರ್ ಊರಿಗೆಲ್ಲ ಮೂರು ದಿನ ರಜೆ ಘೋಷಿಸಿದರು.

ಇದನ್ನು ನಮ್ಮ ಮಾವನಿಗೆ ಹೇಳಿದೆ. ಅಮ್ಮನ ಅಣ್ಣ, ಕುಂದಾಪುರದವರು, ಈಗ ಡೊಂಬಿವಲಿಯಲ್ಲಿದ್ದಾರೆ. ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಕಾರ್ಗೊ ಕೆಲಸ ಮಾಡಿ ರಿಟೈರ್ ಆದವರು. ಡಾಲಿ ಯಾರು ಅಂತ ಅವರು ಕೇಳಲೇ ಇಲ್ಲ. ಅವರ ಮೊದಲ ಪ್ರಶ್ನೆ, ‘ಆನೆ ಕೆಳಗೆ ಎಂತ ಹಾಸಿದ್ರಂತೆ?’

ನನಗೆ ಅರ್ಥ ಆಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ‘ಪ್ರಾಣಿ ತಗೊಂಡು ಹೋಗುವಾಗ ತೂಕದ್ದು ದೊಡ್ಡ ತಲೆಬಿಸಿ ಅಲ್ಲ ಮಾರಾಯ್ತಿ. ಅದರ ಉಚ್ಚೆದ್ದು ತಲೆಬಿಸಿ. ನೆಲದ ಸಂದಿಯಲ್ಲಿ ಇಳೀತು ಅಂದ್ರೆ ಕೆಳಗಿನ ಲೋಹ ತಿಂದುಹಾಕ್ತದೆ. ಅದಕ್ಕೇ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಹೀರುವಂಥದ್ದು ಏನಾದ್ರೂ ಹಾಕಿ, ಆಮೇಲೆ ಪಂಜರ ಕಟ್ಟೂದು. ಪಂಜರ ಒಂಚೂರೂ ಅಲ್ಲಾಡಬಾರದು. ಆನೆ ಅಂದ್ರೆ ಎಂತ ಸೂಟ್‌ಕೇಸಾ?’ ಆನೆಮರಿ ಹುಟ್ಟುವಾಗಲೇ ನೂರು ಕಿಲೊ ಆಸುಪಾಸು ಇರುತ್ತದೆ. ಎರಡು ವರ್ಷದ್ದು ಅಂದರೆ ಲೆಕ್ಕ ಹಾಕಿ. ‘ಮಾವುತನಿಗೆ ಸೀಟು ಎಲ್ಲಿ ಕೊಟ್ರಂತೆ?’ ಅಂತಲೂ ಕೇಳಿದರು. ಈ ಕಥೆ ಹೇಳುವವರಲ್ಲಿ ಇಂಥ ಪ್ರಶ್ನೆ ಕೇಳಿದವರನ್ನು ನಾನು ನೋಡೇ ಇಲ್ಲ. ಎಲ್ಲರದ್ದೂ ಡಾಲಿ ಮೀಸೆ, ಡಾಲಿ ಮಾತು.

ನನ್ನ ತಕರಾರು ಇಲ್ಲೇ ಶುರು. ಇಂಟರ್ನೆಟ್ಟಿನಲ್ಲಿ ಈ ಕಥೆ ಸುತ್ತುತ್ತಲೇ ಇದೆ, ಎಲ್ಲರೂ ನಗುವ ಎಮೋಜಿ ಹಾಕುತ್ತಾರೆ. ನಾನೂ ನಕ್ಕಿದ್ದೇನೆ, ತಮಾಷೆಯಾಗಿರುವುದು ನಿಜವೇ. ಆದರೆ ಎರಡು ವರ್ಷದ ಆನೆಮರಿ ಇನ್ನೂ ತಾಯಿ ಹಾಲು ಕುಡಿಯುವ ಮರಿ. ಬೆನ್ನ ಮೇಲೆ ನೆರಳು ಬೀಳಿಸಿಕೊಳ್ಳಲಿಕ್ಕೆ ಅದನ್ನು ಅಷ್ಟು ದೂರ ಸಾಗಿಸಿದರು. ಆನೆ ಸಾಕುವುದು ಅಂದರೆ ದಿನವೂ ರಾಶಿ ಸೊಪ್ಪು, ನೀರು, ಜೊತೆಗೊಬ್ಬ ಮನುಷ್ಯ. ಕೊನೆಗೆ ಅದು ಮೃಗಾಲಯ ಸೇರಿತು. ಆಗ ಇದೆಲ್ಲ ಸಲೀಸಾಗಿತ್ತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ. ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ ಜಾರಿಯಾಗಿದ್ದು 1975ರಲ್ಲಿ. ಈಗ ಯಾವ ಕಲಾವಿದ ಕೇಳಿದರೂ ಆನೆಮರಿ ಕೊಡಲಿಕ್ಕಾಗಲ್ಲ.

ಹೋಲಿಸಿ ನೋಡಲಿಕ್ಕೆ ಇನ್ನೊಂದು ಆನೆ ಇದೆ. 1949ರಲ್ಲಿ ಟೋಕಿಯೊ ಮಕ್ಕಳು ಆನೆ ಬೇಕು ಅಂತ ನೆಹರೂಗೆ ಪತ್ರ ಬರೆದರು. ಯುದ್ಧದ ಸಮಯದಲ್ಲಿ ಅಲ್ಲಿನ ಉಎನೊ ಮೃಗಾಲಯದ ಆನೆಗಳೆಲ್ಲ ಸತ್ತುಹೋಗಿದ್ದವು. ನೆಹರೂ ಕಳಿಸಿದ ಆನೆಗೆ ಮಗಳ ಹೆಸರೇ ಇಟ್ಟರು, ಇಂದಿರಾ. ಅದೂ ಮೈಸೂರು ಸೀಮೆಯದ್ದೇ! ಅದಕ್ಕೆ ಗೊತ್ತಿದ್ದದ್ದು ಕನ್ನಡ ಮಾತ್ರ. ಜೊತೆಗೆ ಹೋದ ಮಾವುತರ ಹತ್ತಿರ ಜಪಾನಿನ ಕೆಲಸಗಾರರು ಕೂತು ಕನ್ನಡ ಆಜ್ಞೆಗಳನ್ನು ಕಲಿತರು. 1983ರವರೆಗೆ ಬದುಕಿತು, ಜಪಾನಿನಲ್ಲಿ ಎಷ್ಟೋ ಜನರ ಬಾಲ್ಯದಲ್ಲಿ ಅದು ಇದೆ. ಅದೂ ಕಾಡು ಬಿಟ್ಟು ಹೋದ ಆನೆಯೇ, ಇಲ್ಲ ಅನ್ನಲ್ಲ. ಆದರೆ ಅದರ ಕಥೆ ಹೇಳುವಾಗ ಆನೆಯೇ ಮುಂದೆ ನಿಲ್ಲುತ್ತದೆ. ಬೆಂಗಳೂರಿನ ಮರಿಯ ಕಥೆಯಲ್ಲಿ ಮರಿ ಬರೀ ಆಶ್‌ಟ್ರೇಗೆ ಕಟ್ಟಿದ ಒಂದು ಬಿಲ್ಲು.

ಇನ್ನು ಏರ್ ಇಂಡಿಯಾದ ಉಳಿದ ಕಲಾ ಖಜಾನೆ ಬಗ್ಗೆ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಅದಕ್ಕೆ ಬೇರೆ ವಿಡಿಯೊನೇ ಬೇಕು. 1956ರಲ್ಲಿ ಆಗಿನ್ನೂ ಹೆಸರು ಮಾಡಿರದ ಕಲಾವಿದೆ ಬಿ. ಪ್ರಭಾ ಅವರ ಆರು ಚಿತ್ರಗಳನ್ನು ಒಂದೊಂದಕ್ಕೆ 87.50 ರೂಪಾಯಿ ಕೊಟ್ಟು ಕೊಂಡರು. ಹುಸೇನ್, ಗಾಯ್ತೊಂಡೆ ಎಲ್ಲ ಸೇರಿ ಸಂಗ್ರಹ ನಾಲ್ಕು ಸಾವಿರ ದಾಟಿತು. ಕಂಪನಿ ಖಾಸಗಿಯಾದ ಮೇಲೆ ಅವೆಲ್ಲ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಪಾಲಿಗೆ ಬಂದವು. 2024ರಲ್ಲಿ ಆಯ್ದ ಕೆಲವನ್ನು ಮುಂಬಯಿಯಲ್ಲೇ ಪ್ರದರ್ಶನಕ್ಕಿಟ್ಟಿದ್ದರು. ಕೊಲಾಬಾ ಕಡೆ ಹೋಗುವಾಗ ರೀಗಲ್ ಸರ್ಕಲ್ ಹತ್ತಿರ ಸಿಗುವ ಹಳೇ ಕಾವಸ್‌ಜಿ ಜಹಾಂಗೀರ್ ಹಾಲೇ ಆ ಸಂಗ್ರಹಾಲಯ. ಹಾಲ್ ಕಟ್ಟಿದ್ದು 1911ರಲ್ಲಿ. ಸುಮ್ನೆ ಹೇಳುತ್ತಿದ್ದೇನೆ, ಈ ಊರಲ್ಲೇ ಬದುಕಿ ಹೆಸರು ಮಾಡಿದ ನಮ್ಮ ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದೂ ಅದೇ ವರ್ಷ. ಸಂಗ್ರಹಾಲಯಕ್ಕೆ ಸೋಮವಾರ ರಜೆ, ನೆನಪಿರಲಿ.

ಗೊಂಬೆ ತಗೊಂಡೆನಾ ಅಂತ ಕೇಳುತ್ತೀರಿ. ಇಲ್ಲ. ಎರಡು ಸಾವಿರಕ್ಕೆ ಮುರಿದ ಮೀಸೆ ಬೇಡ ಅಂತ ಬಿಟ್ಟು ಬಂದೆ. ಅದರ ಬದಲು ಮಾವ ಒಂದು ಇಸ್ಪೀಟು ಪ್ಯಾಕು ಕೊಟ್ಟರು, ಹಿಂದುಗಡೆ ಮಹಾರಾಜ ಇರುವುದು. ಡಬ್ಬ ಹರಿದು ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಆಟಿನ್ ರಾಜ ಕಳೆದುಹೋಗಿದ್ದಾನೆ, ಅವನ ಜಾಗದಲ್ಲಿ ಜೋಕರ್ ಮೇಲೆ ಬಾಲ್‌ಪೆನ್ನಿನಲ್ಲಿ ಹಾರ್ಟ್ ಬರೆದು ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಆಡುತ್ತಿದ್ದರಂತೆ. ‘ಇಪ್ಪತ್ತೆಂಟಕ್ಕೆ ರಾಜ ಇದ್ರೆಷ್ಟು ಬಿಟ್ರೆಷ್ಟು, ಪಾಯಿಂಟೇ ಇಲ್ಲ ಅವನಿಗೆ’ ಅನ್ನುತ್ತಾರೆ ಮಾವ.

ಬೆಂಗಳೂರಿನವರಿಗೆ ಒಂದು ಮನವಿ. ನಿಮ್ಮ ಮನೆಯ ಹಿರಿಯರು ಯಾರಾದರೂ 1967ರ ಹೊತ್ತಿಗೆ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲೋ ಮೃಗಾಲಯದಲ್ಲೋ ಅರಣ್ಯ ಇಲಾಖೆಯಲ್ಲೋ ಕೆಲಸ ಮಾಡಿದ್ದರೆ, ಆ ಮರಿ, ಆ ಮಾವುತನ ಬಗ್ಗೆ ಕೇಳಿ ನೋಡಿ. ಏನಾದರೂ ಗೊತ್ತಾದರೆ ಬರೆಯಿರಿ. ಕೆಳಗೆ ಎಂತ ಹಾಸಿದ್ದರು ಅಂತಲೂ ಕೇಳಿ, ಮಾವ ಕಾಯುತ್ತಿದ್ದಾರೆ.