ವಾಕ್ಯ ಹೇಳು ಅನ್ನಿ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ಚಿತ್ರದುರ್ಗ, ದಾವಣಗೆರೆ ಕಡೆ ಯಾರ ಮನೆಯಲ್ಲಿ ರೇಡಿಯೋ ಹಾಕಿರುತ್ತಾರೆ ಅಂತ ನನಗೊಂದು ಅಂದಾಜಿದೆ. ರೊಟ್ಟಿ ತಟ್ಟುತ್ತಾ ಕೇಳುವವರು ಇದ್ದೀರಿ. ಅಂಗಡಿಯಲ್ಲಿ ದಿನದ ಲೆಕ್ಕ ಬರೆಯುತ್ತಾ ಕೇಳುವವರು ಇದ್ದೀರಿ. ಪಕ್ಕದಲ್ಲಿ ಬೇಜಾರು, ಬೇಜಾರು ಅನ್ನುವ ಒಂದು ಮಗುವೂ ಇರುತ್ತದೆ, ಅಲ್ವಾ? ಆ ಮಗುವನ್ನು ಹತ್ತಿರ ಕರೆಯಿರಿ. ಇವತ್ತು ನಾನು ಮಾತಾಡುವುದು ಪದಬಂಡಿ ಆಟದ ಬಗ್ಗೆ.

ಆಟ ನಿಮಗೆ ಗೊತ್ತಿರುವುದೇ. ಒಬ್ಬರು ಮರ ಅಂದರೆ ಮುಂದಿನವರು ರ ಹಿಡಿದು ರಜೆ ಅನ್ನಬೇಕು. ಅದಕ್ಕೆ ಇನ್ನೊಬ್ಬರು ಜೇನು, ಅದಕ್ಕೆ ಮತ್ತೊಬ್ಬರು ನುಗ್ಗೆ. ಜೆ ಬೇರೆ, ಜೇ ಬೇರೆ ಅಂತ ಎಳೆದಾಡಬೇಡಿ. ಗುಣಿತ ಬಿಟ್ಟು ಅಕ್ಷರ ಹಿಡಿದರೆ ಸಾಕು. ಒಮ್ಮೆ ಬಂದ ಪದ ಮತ್ತೆ ಬರುವ ಹಾಗಿಲ್ಲ. ಹಲಗೆ ಬೇಡ, ಕಾಯಿ ಬೇಡ, ಕರೆಂಟೂ ಬೇಡ.

ನಾನು 30 ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿದವನು. ಈ ಆಟದಲ್ಲಿ ಮಕ್ಕಳು ಪದ ಗೊತ್ತಿಲ್ಲದೆ ಸೋಲುವುದು ಕಡಿಮೆ. ಅವರು ಒಂದು ಪದ ಹೇಳುತ್ತಾರೆ, ಎದುರಿಗಿದ್ದವರು "ಅಂಥ ಪದವೇ ಇಲ್ಲ" ಅನ್ನುತ್ತಾರೆ, ಇವರು ಸುಮ್ಮನಾಗುತ್ತಾರೆ. ಅಲ್ಲಿಗೆ ಸೋತರು. ಹಾಗಾಗಿ ನನ್ನದು ಒಂದೇ ಮಾತು. ಇಲ್ಲ ಅನ್ನುವ ಮೊದಲು "ವಾಕ್ಯ ಹೇಳು" ಅನ್ನಿ. ವಾಕ್ಯ ಹೇಳಿದರೆ ಪದ ಇದೆ. ಅಷ್ಟೇ.

ಇದು ನಾನು ಹೇಗೆ ಕಲಿತೆ ಅಂತ ಹೇಳುತ್ತೇನೆ.

ಒಂದು ವರ್ಷ ದಸರಾ ರಜೆಗೆ ಮುಂಚೆ ಮಕ್ಕಳನ್ನು ದಾವಣಗೆರೆಯಿಂದ ದುರ್ಗದ ಕೋಟೆಗೆ ಕರೆದುಕೊಂಡು ಹೊರಟಿದ್ದೆವು. ಆನಗೋಡು ದಾಟುವಷ್ಟರಲ್ಲಿ ಹಾಡು ಹೇಳಿ ಹೇಳಿ ಗಂಟಲು ಕಟ್ಟಿತ್ತು. ಸರಿ, ಪದಬಂಡಿ ಶುರುವಾಯಿತು. ಎಡಗಡೆ ಸೀಟಿನವರು ಒಂದು ಕಡೆ, ಬಲಗಡೆಯವರು ಒಂದು ಕಡೆ. ತೀರ್ಪು ಹೇಳುವವನು ನಾನು. ಪೇಟೆಯ ಹುಡುಗರು ಜೋರಾಗಿದ್ದರು, ಪಟಪಟ ಅಂತ ಹೇಳುತ್ತಿದ್ದರು. ಬಾಗಿಲ ಹತ್ತಿರ ಜಗಳೂರು ಕಡೆಯ ಒಬ್ಬ ಹುಡುಗಿ ತೊಡೆ ಮೇಲೆ ಬುತ್ತಿ ಗಂಟು ಇಟ್ಟುಕೊಂಡು ಕೂತಿದ್ದಳು. ಹಾಸ್ಟೆಲಿನಲ್ಲಿದ್ದು ಓದುವ ಮಗು. ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಆಚೆಯವರು ನಿಯಮ ಅಂದರು. ಈ ಕಡೆ ಎಲ್ಲರೂ ತಡವರಿಸಿದರು. ಆಗ ಈ ಹುಡುಗಿ ಮೆಲ್ಲಗೆ, "ಮಡಕೆ" ಅಂದಳು.

"ಮಡಕೆ ಆಗಲೇ ಬಂದಿದೆ, ಔಟ್!" ಅಂತ ಬಸ್ಸಿಗೆ ಬಸ್ಸೇ ಕೂಗಿತು. ಬಂದಿದ್ದು ನಿಜ. ನಾನೂ ಔಟ್ ಅಂದುಬಿಟ್ಟೆ.

ಆಕೆ ಕೂರಲಿಲ್ಲ. "ಅದು ನೀರಿನ ಮಡಕೆ ಸಾರ್. ನಾನು ಹೇಳಿದ್ದು ಹೊಲದ್ದು" ಅಂದಳು. ಹುಡುಗರು ನಕ್ಕರು. ಹೊಲದಲ್ಲಿ ಯಾರು ಮಡಕೆ ಇಡುತ್ತಾರೆ ಅಂತ ಒಬ್ಬ ಕೇಳಿದ. ನನಗೇನು ತೋಚಿತೋ, "ಒಂದು ವಾಕ್ಯ ಹೇಳಮ್ಮ" ಅಂದೆ. ಅವಳು ಕಿಟಕಿ ಕಡೆ ಕೈ ಮಾಡಿದಳು. ಹಿಂಗಾರಿಗೆ ಹೊಲ ಹದ ಮಾಡುವ ಕಾಲ ಅದು. ಎರೆಹೊಲದಲ್ಲಿ ಒಬ್ಬ ಯಜಮಾನರು ಜೋಡೆತ್ತು ಹೂಡಿಕೊಂಡು ಉಳುತ್ತಿದ್ದರು. "ಅಗೋ ನೋಡ್ರಿ ಸಾರ್, ಆ ಯಜಮಾನ್ರು ಮಡಕೆ ಹೊಡಿತಾ ಇದಾರಲ್ಲ" ಅಂದಳು.

ಮಡಕೆ ಅಂದರೆ ನೇಗಿಲು. ಗಡಿಯಾಚೆ ತೆಲುಗಿನವರೂ ನೇಗಿಲಿಗೆ ಮಡಕ ಅನ್ನುತ್ತಾರೆ. ನಾನು ನೇಗಿಲು ಅಂತ ಪಾಠ ಮಾಡಿಕೊಂಡೇ ಬಂದಿದ್ದೆ. ನನ್ನ ಕ್ಲಾಸಿನ ಅರ್ಧ ಮಕ್ಕಳ ಮನೆಯಲ್ಲಿ ಅದು ಮಡಕೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಯಾಕೆಂದರೆ ಹಿಂದಿನ ಸೀಟಿನಿಂದ ಐದಾರು ಮಕ್ಕಳು "ಹೌದು ಸಾರ್, ನಮ್ಮೂರಲ್ಲೂ ಹಂಗೇ ಅಂತಾರೆ" ಅಂದರು. ಎಲ್ಲಾ ಅಲ್ಲಿಯವರೆಗೆ ಸುಮ್ಮನಿದ್ದವರೇ.

ಆಮೇಲೆ ಶುರುವಾಯಿತು ನೋಡಿ. ಕೂರಿಗೆ, ಅಕ್ಕಡಿ, ಎಡೆಕುಂಟೆ, ಕಣ. ಪೇಟೆ ಹುಡುಗರಿಗೆ ಒಂದೂ ಗೊತ್ತಿಲ್ಲ. ಕೂರಿಗೆ ಅಂದರೇನು ಅಂತ ಕೇಳಿದರು. ಆ ಹುಡುಗಿ ಬುತ್ತಿ ಗಂಟನ್ನು ಪಕ್ಕಕ್ಕಿಟ್ಟಳು. ಎಡಗೈಯನ್ನು ಬಟ್ಟಲಿನ ಹಾಗೆ ಮಾಡಿದಳು. "ಇದು ಮೇಲಿನ ಬಟ್ಟಲು. ಇದರಲ್ಲಿ ತೂತು ಇರ್ತಾವೆ. ಕೆಳಗೆ ಬಿದಿರಿನ ಕೊಳವೆ. ಎತ್ತು ಮುಂದೆ ಹೋಗ್ತಿರಬೇಕು, ನಮ್ಮವ್ವ ಹಿಂದೆ ನಡ್ಕೊಂತ ಹಿಡಿ ಸಡಿಲ ಮಾಡಿ ಕಾಳು ಬಿಡ್ತಾಳೆ." ಹಿಡಿ ಹೇಗೆ ಸಡಿಲ ಮಾಡಬೇಕು ಅಂತ ಬಲಗೈ ಬೆರಳು ಆಡಿಸಿ ತೋರಿಸಿದಳು. ಬೇಗ ಬಿಟ್ಟರೆ ಒಂದೇ ಕಡೆ ಗುಂಪಾಗಿ ಹುಟ್ಟುತ್ತದೆ, ತಡವಾದರೆ ಸಾಲಿನಲ್ಲಿ ಖಾಲಿ ಬೀಳುತ್ತದೆ. ಭರಮಸಾಗರ ಬಂದರೂ ಯಾರೂ ಕಿಟಕಿ ಆಚೆ ನೋಡಲಿಲ್ಲ.

ಈ ಕಥೆ ಸ್ವಲ್ಪ ಉದ್ದವಾಯಿತು, ಆದರೆ ನನಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ನಾನು ಔಟ್ ಅಂದಿದ್ದಕ್ಕೆ ಆ ಮಗು ಕೂತುಬಿಟ್ಟಿದ್ದರೆ? ಮಡಕೆ ಹೋಗುತ್ತಿತ್ತು, ಕೂರಿಗೆಯೂ ಬರುತ್ತಿರಲಿಲ್ಲ. ವಾಕ್ಯ ಕೇಳಿ, ದಯವಿಟ್ಟು.

ಇನ್ನು ದೊಡ್ಡವರ ಒಂದು ಅಭ್ಯಾಸ. "ಇಂಗ್ಲಿಷ್ ಪದ ನಡೆಯಲ್ಲ, ಹಿಂದಿ ಪದ ನಡೆಯಲ್ಲ, ಅಚ್ಚಗನ್ನಡ ಹೇಳಿ" ಅನ್ನುತ್ತಾರೆ. ಸರಿ, ಆಡಿ ನೋಡಿ. ನಾನು ಹಾಲು ಅಂತೀನಿ. ನಿಮಗೆ ಲ ಬಂತು. ಹೇಳಿ? ಲೋಟ? ಹಿಂದಿ ಕಡೆಯದು. ಲಾರಿ? ಇಂಗ್ಲಿಷ್. ಲಾಭ? ಸಂಸ್ಕೃತ. ಅಚ್ಚಗನ್ನಡ ಪದಗಳು ರ, ಲ ಅಕ್ಷರದಿಂದ ಶುರುವಾಗುವುದೇ ಬಹಳ ಅಪರೂಪ. ನೀವು ಈಗ ತಟ್ಟುತ್ತಿರುವ ರೊಟ್ಟಿಯ ಹೆಸರೂ ಉತ್ತರದಿಂದ ಬಂದದ್ದೇ. ಅದನ್ನು ತಟ್ಟೆಯಿಂದ ತೆಗೆದಿಡುತ್ತೀರಾ? ಕಾಲು, ಕಲ್ಲು, ಬಾಗಿಲು, ಎಲ್ಲಾ ಲು. ಹೊರಗಿನಿಂದ ಬಂದ ಪದ ಬೇಡ ಅಂದರೆ ಬಂಡಿ ಅಲ್ಲೇ ಹೂತುಕೊಳ್ಳುತ್ತದೆ.

ಹಳಗನ್ನಡದಲ್ಲಿ ಕಾಲ್, ಪಾಲ್, ಕಣ್ ಅಂತಿತ್ತು. ಕೊನೆಗೆ ಒಂದು ಉ ಹಚ್ಚಿ ಕಾಲು, ಹಾಲು, ಕಣ್ಣು ಮಾಡಿಕೊಂಡೆವು. ಬಸ್ ಬಂದಾಗಲೂ ಅದನ್ನೇ ಮಾಡಿದೆವು, ಬಸ್ಸು ಅಂದೆವು. ಕಾರು, ರೈಲು, ಪೆನ್ನು. ಬಸ್ಸಿಗೆ ಹತ್ತು, ಬಸ್ಸಿನಿಂದ ಇಳಿ ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು. ವಾಕ್ಯದಲ್ಲಿ ಕೂತಿತು ತಾನೇ? ಹಾಗಿದ್ದರೆ ನಡೆಯುತ್ತದೆ.

ಣ, ಳ ಬಂದಾಗಲೂ ಜಗಳ ಬೇಡ. ಕನ್ನಡದಲ್ಲಿ ಆ ಅಕ್ಷರಗಳಿಂದ ಪದ ಶುರುವಾಗುವುದಿಲ್ಲ. ಹಣ ಬಂದರೆ ನ ಹಿಡಿಯಿರಿ, ಹಳ್ಳ ಬಂದರೆ ಲ ಹಿಡಿಯಿರಿ. ಮರಗಳು, ಮನೆಗಳು ಅಂತ ಬಹುವಚನ ಹೇಳಿ ಎಲ್ಲರಿಗೂ ಳು ತಗಲಿಸುವುದು ಮಾತ್ರ ಬೇಡವೇ ಬೇಡ.

ಊರ ಹೆಸರಿನ ಬಂಡಿ ಬೇರೆಯೇ ಆಡಿ. ಮಜಾ ಇದೆ. ನಮ್ಮ ಎರಡು ಜಿಲ್ಲೆ ಸೇರಿ 12 ತಾಲ್ಲೂಕು. ದಾವಣಗೆರೆ, ಹರಿಹರ, ಜಗಳೂರು, ಚನ್ನಗಿರಿ, ಚಳ್ಳಕೆರೆ, ಹೊಳಲ್ಕೆರೆ, ಹಿರಿಯೂರು, ಮೊಳಕಾಲ್ಮೂರು. 12ರಲ್ಲಿ 8 ಊರು ರಕಾರಕ್ಕೇ ಬಂದು ನಿಲ್ಲುತ್ತವೆ! ರಾಣೆಬೆನ್ನೂರು ಅಂದು ತಪ್ಪಿಸಿಕೊಳ್ಳೋಣ ಅಂದರೆ ಅದೂ ರು. ರಾಮಗಿರಿ ಅಂದರೆ ಅದೂ ರಿ. ರಾಯದುರ್ಗ ನೆನಪಿಟ್ಟುಕೊಂಡವರು ಗೆದ್ದರು.

ಸಮಯ ಆಗುತ್ತಾ ಬಂತು. ನಿಘಂಟಿನ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ನಿಘಂಟು ತೆಗೆದು "ಇದರಲ್ಲಿ ಇಲ್ಲ" ಅಂತ ಮಕ್ಕಳ ಬಾಯಿ ಮುಚ್ಚಿಸುವವರಿಗೆ ಒಂದು ವಿಷಯ. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಮೊಬೈಲು ಹುಡುಕಿದರೆ ಸಿಗುತ್ತದೆಯೇ? ಇನ್ನು ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು, 8 ಸಂಪುಟ. ಲೈಬ್ರರಿಗೆ ಹೋದಾಗ ಒಂದು ಸಂಪುಟ ತೆಗೆದು ಯಾವುದಾದರೂ ಪುಟ ನೋಡಿ. ಪದ, ಅರ್ಥ, ಅದರ ಜೊತೆಗೆ ಆ ಪದ ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ ಬಂದಿದೆ ಅನ್ನುವ ಸಾಲು. ನಿಘಂಟು ಮಾಡಿದ ವಿದ್ವಾಂಸರೂ ಪ್ರತಿ ಪದಕ್ಕೂ ವಾಕ್ಯ ಕೇಳಿದ್ದಾರೆ!

ಸುಳ್ಳು ಪದ ಕಟ್ಟಿ ಹೇಳಿದರೆ ಏನು ಮಾಡುವುದು ಅಂತ ಕೇಳುತ್ತಾರೆ. ವಾಕ್ಯ ಕೇಳಿ. ಕಟ್ಟಿ ಹೇಳಿದ ಮಗು ಅರ್ಧ ವಾಕ್ಯಕ್ಕೇ ನಗಲು ಶುರುಮಾಡುತ್ತದೆ.

ಇವತ್ತು ಊಟ ಆದ ಮೇಲೆ ಟಿವಿ ಆರಿಸಿ ಕೂತುಕೊಳ್ಳಿ. ಮೊದಲ ಪದ ಅಜ್ಜಿಯದೋ ಅಜ್ಜನದೋ ಆಗಲಿ. ಅವರು ಹೇಳಿದ್ದು ಯಾರಿಗೂ ತಿಳಿಯದಿದ್ದರೆ ಬಹಳ ಒಳ್ಳೆಯದು. ಏನು ಕೇಳಬೇಕು ಅಂತ ನಿಮಗೀಗ ಗೊತ್ತು.

ನಮಸ್ಕಾರ.