ಚಳಿಗಾಲದಲ್ಲಿ ನಿಂಬೆ ಗಿಡ ಹಳದಿಯಾದರೆ ಗಾಬರಿ ಬೇಡ

ಈ ಎಲೆ ನೋಡಿ. ನರಗಳು ಹಸಿರಾಗೇ ಇವೆ, ನಡುವಿನ ಜಾಗ ಮಾತ್ರ ಹಳದಿ. ಚಳಿ ಶುರುವಾದ ಮೇಲೆ ಹಿತ್ತಲಿನ ನಿಂಬೆ, ಕಿತ್ತಳೆ, ಮೋಸಂಬಿ, ಯಾವುದರಲ್ಲಾದರೂ ಇಂಥ ಎಲೆ ಕಂಡರೆ ತಕ್ಷಣ ಗೊಬ್ಬರ ಹಾಕೋಣ, ನೀರು ಜಾಸ್ತಿ ಕೊಡೋಣ ಅನ್ನಿಸುತ್ತೆ ಅಲ್ವಾ? ದಯವಿಟ್ಟು ಎರಡೂ ಬೇಡ.

ಈ ಗಿಡಗಳು ವರ್ಷವಿಡೀ ಹಸಿರಾಗಿರುತ್ತವೆ, ಹಾಗಾಗಿ ಚಳಿಯಲ್ಲೂ ಬೆಳೆಯುತ್ತಲೇ ಇವೆ ಅಂದುಕೊಳ್ಳುತ್ತೇವೆ. ಆದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮಣ್ಣು ತಣ್ಣಗಾದಾಗ ಬೇರಿಗೆ ಕಬ್ಬಿಣ, ಸತುವನ್ನೆಲ್ಲ ಸರಿಯಾಗಿ ಹೀರಿಕೊಳ್ಳೋಕೆ ಆಗುವುದಿಲ್ಲ, ಮಣ್ಣಲ್ಲಿ ಎಲ್ಲ ಇದ್ದರೂ ಎಲೆಯವರೆಗೆ ಬರುವುದಿಲ್ಲ. ಬಿಸಿಲು ಏರಿದ ಮೇಲೆ ಬರುವ ಹೊಸ ಚಿಗುರೂ ಹಳದಿಯಾದರೆ ಆಗ ಗೊಬ್ಬರದ ಯೋಚನೆ ಮಾಡಿ. ಈಗಲೇ ಹಾಕಿ ಎಳೆ ಚಿಗುರು ಹೊರಟರೆ, ಚಳಿಗೆ ಮೊದಲು ಸುಟ್ಟುಹೋಗುವುದು ಅದೇ.

ನೀರಿಗೆ ಬೆರಳೇ ಸಾಕು. ಬುಡದ ಹತ್ತಿರ ಮಣ್ಣಿಗೆ ಇಳಿಸಿ ನೋಡಿ, ಮೇಲಿನ ಎರಡು ಇಂಚು ಒಣಗಿದ್ದರೆ ಮಾತ್ರ ಕೊಡಿ. ತಣ್ಣನೆಯ ಮಣ್ಣಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಬೇರು ಕೊಳೆತರೂ ಎಲೆ ಹಳದಿಯಾಗುತ್ತದೆ, ಅದನ್ನು ನೋಡಿ ನೀರು ಸಾಲದು ಅಂತ ಇನ್ನೊಂದು ಬಕೆಟ್ ಸುರಿದರೆ ಗಿಡದ ಕಥೆ ಮುಗೀತು. ಒಣ ಎಲೆ ಮುಚ್ಚುವುದಾದರೂ ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು ಮುಚ್ಚಿ.

ಹಿಮ ಬೀಳುವ ಊರಾದರೆ ಲೆಕ್ಕ ಸ್ವಲ್ಪ ಬೇರೆ. ಮಣ್ಣು ಒಣಗಿದ್ದರೆ ಹಿಂದಿನ ದಿನವೇ ನೀರು ಕೊಡಿ, ಒದ್ದೆ ಮಣ್ಣು ಹಗಲಿನ ಶಾಖವನ್ನು ಜಾಸ್ತಿ ಹಿಡಿದಿಟ್ಟು ರಾತ್ರಿ ನಿಧಾನಕ್ಕೆ ಬಿಡುತ್ತದೆ. ಸಂಜೆ ಹಳೆಯ ಬೆಡ್‌ಶೀಟನ್ನು ನೆಲ ಮುಟ್ಟುವ ಹಾಗೆ ಹೊದಿಸಿ, ಬೆಳಿಗ್ಗೆ ತೆಗೆದುಬಿಡಿ. ಪ್ಲಾಸ್ಟಿಕ್ ಎಲೆಗೆ ತಾಗಬಾರದು, ತಾಗಿದ ಕಡೆಯೇ ಚಳಿ ಹೊಡೆಯುತ್ತದೆ. ಕಿತ್ತಳೆಗಿಂತ ನಿಂಬೆ ತುಂಬ ಸೂಕ್ಷ್ಮ, ಬಟ್ಟೆ ಒಂದೇ ಇದ್ದರೆ ಮೊದಲು ಅದಕ್ಕೇ ಹೊದಿಸಿ.

ಈಗ ಎಲೆ ತಿರುಗಿಸಿ. ನಡುನರದ ಪಕ್ಕ ಕಂದು ಬಣ್ಣದ ಚಿಕ್ಕ ಚಿಕ್ಕ ಉಬ್ಬು ಕಾಣ್ತಿದೆಯಾ? ಉಗುರಿನಿಂದ ಕೆರೆದರೆ ಕಿತ್ತು ಬರುತ್ತದೆ. ಇದು ರಸ ಹೀರುವ ಹುಳ. ಕಾಂಡದ ಮೇಲೆ ಇರುವೆ ಸಾಲುಗಟ್ಟಿದ್ದರೆ, ಎಲೆ ಅಂಟಂಟಾಗಿ ಮಸಿ ಕಟ್ಟಿದ್ದರೆ ಇದನ್ನೇ ಹುಡುಕಿ. ಸೋಪಿನ ನೀರಲ್ಲಿ ಹಳೆಯ ಟೂತ್‌ಬ್ರಷ್ ಅದ್ದಿ ಮೆತ್ತಗೆ ಉಜ್ಜಿ, ಸ್ವಲ್ಪ ತಾಳ್ಮೆ ಬೇಕು.

ಕತ್ತರಿ ಮಾತ್ರ ಒಳಗಿಡಿ. ಕಸಿ ಕಟ್ಟಿದ ಜಾಗದ ಕೆಳಗಿನಿಂದ ಬಂದ ಚಿಗುರನ್ನು ತೆಗೆಯಿರಿ, ಉಳಿದದ್ದನ್ನು ಮುಟ್ಟಬೇಡಿ. ಚಳಿಗೆ ಒಣಗಿದಂತೆ ಕಾಣುವ ಕೊಂಬೆಯ ತೊಗಟೆಯನ್ನು ಚೂರೇ ಚೂರು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಅದಕ್ಕೆ ಇನ್ನೂ ಜೀವ ಇದೆ. ಎಲ್ಲಿಂದ ಚಿಗುರುತ್ತದೆ ಅಂತ ಬೇಸಿಗೆಯ ಹೊತ್ತಿಗೆ ಗೊತ್ತಾಗುತ್ತದೆ, ಆಮೇಲೆ ಅದಕ್ಕಿಂತ ಮೇಲಿನ ಒಣಗಿದ ಭಾಗವನ್ನು ಕತ್ತರಿಸಿದರಾಯಿತು.